ತುಕ್ಕು, ಕೋನ ಮತ್ತು ಪದ್ಮಿನಿಯ ಎಂಜಿನ್

ಪ್ರೀಮಿಯರ್ ಪದ್ಮಿನಿಯ ಎಂಜಿನ್ ಇಳಿಸಬೇಕು ಎಂದ ಕೂಡಲೇ ಎಲ್ಲರಿಗೂ ಭಾರದ್ದೇ ಚಿಂತೆ. ಮುಂಬೈಯ ಚೆಂಬೂರಿನ ನಮ್ಮ ಶೆಟ್ರಿಗೂ ಹಾಗೇ. ತಂದೆ ಹೋಟೆಲಿನ ಸಾಮಾನು ತರಲು ಓಡಿಸುತ್ತಿದ್ದ ಕಾರು, ಅದು ಮನೆಯ ಗ್ಯಾರೇಜಿನಲ್ಲೇ ರಿಪೇರಿ ಆಗಬೇಕೆಂಬ ಹಟ ಅವರದು. ಮೆಕ್ಯಾನಿಕ್ ತಂದಿಟ್ಟ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ನೋಡಿ, "ಇಷ್ಟು ಭಾರ ಈ ಕೊಂಡಿ ತಡೀತದಾ ಮಾರಾಯ್ರೆ?" ಎಂದರು. ಧಾರಾಳವಾಗಿ ತಡೆಯುತ್ತದೆ. ಈ ಕೆಲಸದಲ್ಲಿ ಹೇಳಿದಂತೆ ಕೇಳುವುದು ಭಾರವೊಂದೇ. ತಕರಾರು ತೆಗೆಯುವುದು ತುಕ್ಕು, ಆಮೇಲೆ ಕೋನ.

ಫಿಯೆಟ್ 1100ರ ವಿನ್ಯಾಸವನ್ನು ಇಟಲಿಯಿಂದ ಪಡೆದು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು ಇದು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಊರೆಲ್ಲ ಓಡಿ, 2023ರ ಅಕ್ಟೋಬರ್‌ನಲ್ಲಿ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್ ಮುಂದೆ ಉದ್ದಕ್ಕೆ ಕೂತಿರುತ್ತದೆ. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಗಳಿಗೆ ಪ್ರೊಪೆಲ್ಲರ್ ಶಾಫ್ಟ್. ಬಾನೆಟ್ ಎತ್ತಿದರೆ ಎರಡೂ ಕೈ ಒಳಗೆ ಹೋಗುವಷ್ಟು ಜಾಗ. ಇಂದಿನ ಕಾರುಗಳಲ್ಲಿ ಆ ಸುಖವಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ನೆಗೆಟಿವ್ ತುದಿ ಕಾರಿನ ಮೈಗೇ ಜೋಡಿಸಿರುತ್ತದೆ. ಮೊದಲು ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಕಿಡಿ ಹಾರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪು! ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಹಾಗಾಗಿ ಗ್ಯಾರೇಜಿನ ಬಾಗಿಲು ತೆರೆದೇ ಇರಲಿ.

ಇನ್ನು ಬೋಲ್ಟುಗಳು. ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಸುಮಾರು 75% ದಾಟಿದರೆ ತಾನಾಗಿ ನೀರು ಹೀರಿ ಕರಗುತ್ತದೆ. ಮುಂಬೈಯ ಮಳೆಗಾಲದಲ್ಲಿ ಆರ್ದ್ರತೆ ಈ ಮಟ್ಟಕ್ಕಿಂತ ಮೇಲಿರುವುದೇ ಹೆಚ್ಚು. ಸಮುದ್ರದ ಗಾಳಿ ತಂದ ಉಪ್ಪು ಕಬ್ಬಿಣದ ಮೇಲೆ ಕೂತರೆ, ಒಂದು ಹನಿ ಮಳೆ ತಾಗದಿದ್ದರೂ ಅಲ್ಲೊಂದು ತೆಳುವಾದ ಉಪ್ಪುನೀರಿನ ಪದರ ಹುಟ್ಟುತ್ತದೆ. ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ತುಕ್ಕಿಗೆ ತಾನು ತಿಂದ ಕಬ್ಬಿಣದ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಕು. ನಟ್ಟಿನ ಮರೆಗಳ, ಅಂದರೆ ತಿರುಪಿನ ಗೆರೆಗಳ ನಡುವೆ ಆ ಜಾಗ ಎಲ್ಲಿಂದ ಬರಬೇಕು? ಅದು ಊದಿಕೊಂಡು ಬೆಣೆಯಂತೆ ಬಿಗಿಯುತ್ತದೆ. ಸೈಲೆನ್ಸರ್ ಪೈಪಿನ ನಟ್ಟುಗಳು ಪ್ರತಿ ಬಾರಿ ಕಾದು ತಣಿಯುವುದರಿಂದ ಇನ್ನೂ ಹಟಮಾರಿ.

ಇಲ್ಲಿ ತೋಳಬಲ ತೋರಿಸಿದವರು ಬೋಲ್ಟ್ ಮುರಿದುಕೊಳ್ಳುತ್ತಾರೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು ಲೇಸು. ಸಂದಿಗೆ ಎಣ್ಣೆ ಏರುವುದು ದೀಪದ ಬತ್ತಿಗೆ ಏರುವಂತೆ, ಲೋಮನಾಳ ಕ್ರಿಯೆಯಿಂದ, ಅದಕ್ಕೆ ಸಮಯ ಬೇಕು. ಅದಕ್ಕೂ ಬಗ್ಗದಿದ್ದರೆ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ದೂರ ಇಟ್ಟ ಮೇಲೆ, ನಟ್ಟನ್ನು ಕಾಯಿಸಬಹುದು. 10 ಮಿಲಿಮೀಟರ್ ರಂಧ್ರದ ಉಕ್ಕಿನ ನಟ್ಟು 250 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ರಂಧ್ರ ಹಿಗ್ಗುವುದು 0.03 ಮಿಲಿಮೀಟರ್ ಮಾತ್ರ. ಒಳಗಿನ ಬೋಲ್ಟ್ ಇನ್ನೂ ತಣ್ಣಗಿರುವಾಗ ಅಷ್ಟು ಹಿಗ್ಗಿದರೂ ತುಕ್ಕಿನ ಪದರ ಬಿರುಕು ಬಿಡುತ್ತದೆ.

ಎಲ್ಲ ಬಿಚ್ಚಿಯಾಯಿತು, ಈಗ ಎತ್ತಬೇಕು. ಮೊದಲ ಪ್ರಶ್ನೆ, ಚೈನ್ ಬ್ಲಾಕನ್ನು ಯಾವುದಕ್ಕೆ ತೂಗುಹಾಕುವುದು? ಹಳೆಯ ಕಟ್ಟಡದ ಛಾವಣಿಯ ಕೊಂಡಿಗೆ ಖಂಡಿತ ಬೇಡ. ಬೋಲ್ಟನ್ನು ಕಚ್ಚಿ ಹಿಡಿದ ತುಕ್ಕಿನ ಊತವೇ ಸ್ಲ್ಯಾಬಿನೊಳಗಿನ ಸರಳುಗಳನ್ನೂ ಉಬ್ಬಿಸಿ ಕಾಂಕ್ರೀಟ್ ಉದುರಿಸುತ್ತದೆ. ಗಟ್ಟಿ ಪೈಪುಗಳ ಮುಕ್ಕಾಲಿಯೋ, ಬಾಡಿಗೆಯ ಎಂಜಿನ್ ಕ್ರೇನೋ ಇರಲಿ.

ಚೈನ್ ಬ್ಲಾಕಿನ ವ್ಯಾಪಾರ ಸರಳ. ಬಲದ ಉಳಿತಾಯಕ್ಕೆ ದೂರದಲ್ಲಿ ಬೆಲೆ ಕೊಡಬೇಕು: 30 ಪಟ್ಟು ಬಲ ಹೆಚ್ಚಿಸುವ ಗೇರಿದ್ದರೆ, ಎಂಜಿನ್ ಒಂದು ಮೀಟರ್ ಏರಲು ಕೈಯ ಸರಪಳಿಯನ್ನು 30 ಮೀಟರ್ ಎಳೆಯಬೇಕು. ಕೈ ಬಿಟ್ಟರೂ ಎಂಜಿನ್ ಜಾರದು. ಒಳಗಿನ ಬ್ರೇಕಿನ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ತೂಗುವ ಭಾರವೇ. ಭಾರ ಹೆಚ್ಚಿದಷ್ಟೂ ಬ್ರೇಕ್ ಬಿಗಿ. ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಜನ ಎಡವುವುದು ಕೆಳಗೆ, ಕೊಕ್ಕೆಗೆ ಎಂಜಿನ್ ಕಟ್ಟುವ ಸರಪಳಿಗಳಲ್ಲಿ. ಲೆಕ್ಕಕ್ಕೆ ಎಂಜಿನ್ 100 ಕಿಲೋ ಎಂದಿಟ್ಟುಕೊಳ್ಳಿ. ಕೊಕ್ಕೆಯಿಂದ ಎರಡು ಸರಪಳಿ ನೇರ ಕೆಳಗಿಳಿದರೆ ತಲಾ 50 ಕಿಲೋ ಸೆಳೆತ. ಅವು ಮಲಗುತ್ತಾ ಬಂದು ಅಡ್ಡಗೆರೆಯೊಂದಿಗೆ 45 ಡಿಗ್ರಿಯಾದರೆ ತಲಾ 71. 30 ಡಿಗ್ರಿಯಲ್ಲಿ ಒಂದೊಂದಕ್ಕೂ ಪೂರ್ತಿ 100, 15 ಡಿಗ್ರಿಯಲ್ಲಿ 193! ಭಾರ ಹೊರುವುದು ಸೆಳೆತದ ಲಂಬ ಭಾಗ ಮಾತ್ರ, ಉಳಿದದ್ದು ಎರಡು ಸರಪಳಿಗಳ ಪರಸ್ಪರ ಜಗ್ಗಾಟ. ಛಾವಣಿ ತಗ್ಗಾಗಿರುವ ಗ್ಯಾರೇಜಿನಲ್ಲಿ ಎತ್ತರ ಉಳಿಸಲು ಸರಪಳಿ ಗಿಡ್ಡ ಮಾಡುವ ಆಸೆ ಹುಟ್ಟುತ್ತದೆ, ಕೋನ ಕೆಡುವುದು ಆಗಲೇ.

ಎಂಜಿನ್ ಗಾಳಿಯಲ್ಲಿ ತೂಗತೊಡಗಿದ ಮೇಲೆ ಅದರ ಗುರುತ್ವ ಕೇಂದ್ರ ಕೊಕ್ಕೆಯ ನೇರ ಕೆಳಗೆ ಬರುವವರೆಗೆ ವಾಲುತ್ತದೆ. ಗೇರ್‌ಬಾಕ್ಸ್ ಜೊತೆಗೇ ತೆಗೆಯುವುದಾದರೆ ಈ ವಾಲುವಿಕೆ ಬೇಕೇ ಬೇಕು: ಬಾಲ ಕೆಳಗೆ, ಮೂತಿ ಮೇಲೆ. ಗೇರ್‌ಬಾಕ್ಸ್ ಕಾರಿನಲ್ಲೇ ಉಳಿಯುವುದಾದರೆ ಉಲ್ಟಾ. ಅದರ ಅಡಿಗೆ ಜ್ಯಾಕ್ ಕೊಟ್ಟು, ಎಂಜಿನ್ನನ್ನು ನೇರವಾಗಿ ಮುಂದಕ್ಕೆ ಸರಿಸಬೇಕು. ವಾಲಿದರೆ ಕ್ಲಚ್ ಪ್ಲೇಟಿನೊಳಗೆ ಹೊಕ್ಕಿರುವ ಶಾಫ್ಟಿನ ಮೇಲೆ ಭಾರ ಬಿದ್ದು ಪ್ಲೇಟು ಸೊಟ್ಟಗಾಗುತ್ತದೆ.

ಇನ್ನೊಂದು ಸಂಗತಿ ಅನೇಕರಿಗೆ ಅಲ್ಲೇ ನಿಂತಾಗ ಹೊಳೆಯುತ್ತದೆ. ಭಾರ ಕಳೆದುಕೊಂಡ ಮುಂದಿನ ಸ್ಪ್ರಿಂಗುಗಳು ಹಿಗ್ಗಿ ಕಾರಿನ ಮೂತಿಯೂ ಎಂಜಿನ್ನಿನ ಹಿಂದೆಯೇ ಮೇಲೇಳುತ್ತದೆ. ಮೊದಲೇ ಅಳೆದಿಟ್ಟ ಎತ್ತರ ಸಾಲದೆ, ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಕಾರಿನ ಮುಂದಿನ ಪಟ್ಟಿಗೆ ತಾಗುತ್ತದೆ. ಆಗ ಇನ್ನಷ್ಟು ಸರಪಳಿ ಎಳೆಯಬೇಕು, ಎಂಜಿನ್ನಿನ ಅಡಿಗೆ ಯಾರೂ ಕೈ ಹಾಕದಂತೆ ನೋಡಿಕೊಂಡು.