ಜೂಲಿ ಯಾಕೆ ಕೂತಳು?

ದೀಪಾವಳಿಗೆ ಇನ್ನು ನಾಲ್ಕೇ ದಿನ. ಜಯನಗರದ ಅಕ್ಕನ ಮನೆಗೆ ಸೇನೆಯಿಂದ ನಿವೃತ್ತಳಾದ ಒಂಬತ್ತು ವರ್ಷದ ಲ್ಯಾಬ್ರಡಾರ್ ಜೂಲಿ ಬಂದು ಆಗ ಎರಡು ತಿಂಗಳಾಗಿತ್ತು. ಪಕ್ಕದ ಮನೆಯ ಹುಡುಗ ಬಟ್ಟೆಚೀಲವೊಂದನ್ನು ಬಾಗಿಲ ಬಳಿ ಇಟ್ಟು ಒಳಗೆ ಬಂದ. ಜೂಲಿ ಎದ್ದಳು. ಸಂಧಿವಾತದ ಹಿಂಗಾಲು ಎಳೆಯುತ್ತ ಹೋಗಿ ಚೀಲ ಮೂಸಿದಳು, ತಟ್ಟನೆ ಕೂತಳು. ಬೊಗಳಲಿಲ್ಲ, ಬಾಯಿ ಹಾಕಲಿಲ್ಲ. ಕತ್ತು ತಿರುಗಿಸಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಹುಡುಗ ಹೆದರಿದ ಅಂತ ನಾನು ಅವಳನ್ನು ಗದರಿಬಿಟ್ಟೆ. ಮಂಚದ ಕೆಳಗೆ ಸೇರಿದವಳು ಆ ರಾತ್ರಿ ಅನ್ನ ಮುಟ್ಟಲಿಲ್ಲ.

ಚೀಲದಲ್ಲಿ ಇದ್ದದ್ದು ಪಟಾಕಿ.

ಜೂಲಿಯಂಥ ಸ್ಫೋಟಕ ಪತ್ತೆಯ ನಾಯಿ ವಾಸನೆ ಸಿಕ್ಕ ಜಾಗವನ್ನು ಕೆರೆಯಬಾರದು, ಕೆರೆದರೆ ಸಿಡಿದೀತು. ಅದಕ್ಕೇ ಸದ್ದಿಲ್ಲದೆ ಕೂರುವುದನ್ನು ಕಲಿಸಿರುತ್ತಾರೆ. ಪೊಟ್ಯಾಸಿಯಂ ನೈಟ್ರೇಟ್, ಗಂಧಕ, ಇದ್ದಿಲು ಸೇರಿದ, ಪಟಾಕಿಗೂ ಬಳಸುವ ಕಪ್ಪು ಮದ್ದು ಇಂಥ ನಾಯಿಗಳಿಗೆ ಸಾಮಾನ್ಯವಾಗಿ ಕಲಿಸುವ ವಾಸನೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷವಾದರೆ ನಾಯಿಗೆ 20-30 ಕೋಟಿ. ಅದು ಸೆಕೆಂಡಿಗೆ ಐದಾರು ಸಲ ಮೂಸುತ್ತದೆ. ಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಹೋಗುವುದರಿಂದ ಎದುರಿನ ವಾಸನೆ ಚದುರುವುದಿಲ್ಲ.

ಆದರೆ ನನ್ನನ್ನು ಕಾಡಿದ್ದು ಮೂಗಲ್ಲ, ಆ ನೋಟ. ನಾಯಿಗೆ ಬಾಂಬ್ ಅಂದರೇನು ಗೊತ್ತಿಲ್ಲ, ಚೆಂಡು ಗೊತ್ತು. ಈ ವಾಸನೆ ಬಂದರೆ ಕೂರು, ಕೂತರೆ ಚೆಂಡು: ವರ್ಷಗಟ್ಟಲೆ ಕಲಿತ ಲೆಕ್ಕ ಇಷ್ಟೇ. ಜೂಲಿ ತನ್ನ ಕೆಲಸ ಮುಗಿಸಿ ಚೆಂಡಿಗೆ ಕಾಯುತ್ತಿದ್ದಳು.

ಚೆಂಡು ಕೊಡದಿದ್ದರೆ ತಾನಾಗೇ ಮರೆಯುತ್ತಾಳೆ ಅಂದವರುಂಟು. ಹಾಗಾಗುವುದಿಲ್ಲ. ರಷ್ಯಾದ ವಿಜ್ಞಾನಿ ಪಾವ್ಲೊವ್ ಪ್ರಯೋಗದಲ್ಲಿ, ಆಹಾರದ ಸಂಕೇತವಾದ ಸದ್ದು ಕೇಳಿದರೇ ಜೊಲ್ಲು ಸುರಿಸಲು ಕಲಿತಿದ್ದ ನಾಯಿ, ಆ ಸದ್ದಿನ ಹಿಂದೆ ಆಹಾರ ಬರುವುದು ನಿಂತಾಗ ಜೊಲ್ಲು ಸುರಿಸುವುದನ್ನೂ ನಿಲ್ಲಿಸಿತು. ಸ್ವಲ್ಪ ಬಿಡುವು ಕೊಟ್ಟು ಅದೇ ಸದ್ದು ಮಾಡಿದರೆ ಜೊಲ್ಲು ಮತ್ತೆ ಬಂತು. ಹಳೆಯ ಪಾಠ ಅಳಿಸಿರಲಿಲ್ಲ, ಅದರ ಮೇಲೆ ಹೊಸ ಪಾಠವೊಂದು ಸೇರಿತ್ತು, ಅಷ್ಟೆ. ಭಯದ ಪಾಠವೂ ಹೀಗೇ ಉಳಿಯುತ್ತದೆ. ಯುದ್ಧಭೂಮಿಗೆ ಹೋಗಿ ಬಂದ ಅಮೆರಿಕದ ಸೇನಾ ನಾಯಿಗಳಲ್ಲಿ ಸುಮಾರು ಶೇಕಡಾ 5ರಷ್ಟಕ್ಕೆ ಮಾನಸಿಕ ಆಘಾತದ ಲಕ್ಷಣಗಳಿವೆ ಎಂದು ಅಲ್ಲಿನ ಸೇನಾ ಪಶುವೈದ್ಯರು 2011ರ ಹೊತ್ತಿಗೆ ಹೇಳಿದ್ದರು. ಬೆಂಗಳೂರಿನಲ್ಲಿ ಇಂಥ ನಾಯಿ ಸಾಕುವವರು ದೀಪಾವಳಿಯ ವಾರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ನಮ್ಮ ಸೇನೆಯಲ್ಲಿ ಕೆಲಸಕ್ಕಾಗದ ನಾಯಿಗಳಿಗೆ ದಯಾಮರಣ ಕೊಡುವ ರೂಢಿಯಿತ್ತು. 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಅದು ಹೊರಬಿದ್ದು, ಜನ ಕೆರಳಿದ ಮೇಲೆ ದತ್ತು ಕೊಡುವ ದಾರಿ ತೆರೆಯಿತು. ಇಷ್ಟು ತಡವಾಯಿತಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಮರುದಿನ ಅಕ್ಕ ನಾಲ್ಕನೇ ಬ್ಲಾಕಿನಿಂದ ಟೆನಿಸ್ ಚೆಂಡು ತಂದಳು. ಪಕ್ಕದ ಹುಡುಗನನ್ನು ಕರೆದು ಅದೇ ಚೀಲವನ್ನು ಅದೇ ಜಾಗದಲ್ಲಿ ಇಡಿಸಿದಳು. ಜೂಲಿ ತಡೆದು ತಡೆದು ಬಂದು ಮೂಸಿದಳು, ನನ್ನ ಕಡೆ ಒಮ್ಮೆ ನೋಡಿದಳು, ಕೂತಳು. ಹುಡುಗ ಚೆಂಡು ಉರುಳಿಸಿದ. ಸವೆದ ಹಲ್ಲುಗಳಲ್ಲಿ ಅದನ್ನು ಕಚ್ಚಿಕೊಂಡು ಅವಳು ಅವನ ಕಾಲಬಳಿಯೇ ಮಲಗಿದಳು, ಬಾಲ ನೆಲಕ್ಕೆ ಬಡಿಯುತ್ತಿತ್ತು.