ಬಿಲ್ಲಿನಲ್ಲಿ ಕಾಣದ ಒಂದು ಗಂಟೆ

ಕಳೆದ ವರ್ಷ ಹಾಸನದ ಕಡೆಯಿಂದ ಬಂದ ಕುಟುಂಬವೊಂದು ಬಟ್ಟೆಯಂಗಡಿಯ ದೊಡ್ಡ ಕೈಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಿತು. ಅದರೊಳಗೆ ಎರಡು ವರ್ಷಗಳಲ್ಲಿ ಮೂರು ಕಡೆ ತೆಗೆಸಿದ ಎಂ.ಆರ್.ಐ. ಫಿಲ್ಮುಗಳು, ರಕ್ತಪರೀಕ್ಷೆಯ ವರದಿಗಳ ಕಟ್ಟು, ಒಂಬತ್ತು ಬಗೆಯ ಮಾತ್ರೆಗಳ ಚೀಟಿ ಇದ್ದವು. ರೋಗಿ 72 ವರ್ಷದ ಗೃಹಿಣಿ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸಿಗೆ ತಕ್ಕಂತೆ ಮೆದುಳು ಕುಗ್ಗಿದೆ ಎಂಬ ಸಾಲಿನೊಂದಿಗೆ ಮೂರೂ ವರದಿಗಳು ಮುಗಿದಿದ್ದವು. ಏನು ತೊಂದರೆ ಎಂದು ಕೇಳಿದಾಗ ಮಗಳು "ಮರೆವು" ಎಂದರು. ಯಾವುದರ ಮರೆವು ಎಂದು ಮತ್ತೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಸಾರು ಮಾಡೋಕೆ ಬರ್ತಿಲ್ಲ ಡಾಕ್ಟ್ರೇ" ಎಂದರು. ಉಪ್ಪು ಎರಡು ಸಲ ಬೀಳುವುದು ಯಾರ ಮನೆಯಲ್ಲಾದರೂ ಉಂಟು. ಈ ತಾಯಿ ಬೇಳೆ ಬೇಯುವ ಮೊದಲೇ ಒಗ್ಗರಣೆ ಹಾಕಿ, ಆಮೇಲೆ ಹುಣಸೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಇದನ್ನೇನು ಮಾಡಬೇಕೆಂದು ತಿಳಿಯದೆ ಒಲೆಯ ಮುಂದೆ ನಿಂತುಬಿಡುತ್ತಿದ್ದರಂತೆ. ಐವತ್ತು ವರ್ಷ ಕೈಗೆ ಹತ್ತಿದ್ದ ಕೆಲಸದ ಕ್ರಮವೇ ಕಳಚಿಹೋಗಿತ್ತು. ಈ ಮಾತು ಚೀಲದಲ್ಲಿದ್ದ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳಿಂದ ಉಂಟಾಗುವ ಒಂದು ಸ್ಥಿತಿ. ಮೊದಲು ಇದ್ದ ನೆನಪು, ಭಾಷೆ, ಲೆಕ್ಕಾಚಾರ, ವಿವೇಚನೆ, ನಡವಳಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಶಕ್ತಿಗಳು ಕುಂದಿ, ಆ ಕುಂದಿನಿಂದ ದಿನನಿತ್ಯದ ಬದುಕು ಬೇರೆಯವರ ಆಸರೆಯಿಲ್ಲದೆ ನಡೆಯದಂತಾದಾಗ ಮಾತ್ರ ನಾವು ಆ ಪದವನ್ನು ಬಳಸುತ್ತೇವೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಇನ್ನೂ ನೆಲೆಯೂರಿಲ್ಲ. ಕೆಲವರು ಬರೆಯುವ "ಬುದ್ಧಿಮಾಂದ್ಯತೆ" ಹುಟ್ಟಿನಿಂದ ಅಥವಾ ಬಾಲ್ಯದಿಂದ ಬರುವ ಬೇರೆಯೇ ಸ್ಥಿತಿ. "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯಂತೂ ಕಾಯಿಲೆಯನ್ನು ವಯಸ್ಸಿನ ಖಾತೆಗೆ ಬರೆದು ಕೈತೊಳೆದುಕೊಳ್ಳುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಹಾಗಾದರೆ ಅರವತ್ತು ದಾಟಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ಇಲ್ಲ ಎಂದಾಯಿತು. ಗಾದೆ ಸುಳ್ಳೆನ್ನಲು ಇಷ್ಟು ಸಾಕು. ಕಾರಣಗಳಲ್ಲಿ ಅಲ್ಜೈಮರ್ ಕಾಯಿಲೆ ಹೆಚ್ಚು ಸಾಮಾನ್ಯ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದಾಗ ಅವರ ಮುಂದಿದ್ದ ರೋಗಿ ಐವತ್ತರ ಆಸುಪಾಸಿನ ಹೆಂಗಸು, ಅಜ್ಜಿಯಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಮನೆಮನೆಯಲ್ಲಿರುವ ನಮ್ಮಲ್ಲಿ ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಷಿಯಾ, ಮತ್ತು ಇವೆರಡೂ ಬೆರೆತ ಬಗೆ, ಸಾಕಷ್ಟು ಕಾಣಸಿಗುತ್ತವೆ.

ರೋಗಪತ್ತೆ ಶುರುವಾಗುವುದು ಮಾತಿನಿಂದ. ಮೊದಲ ಭೇಟಿಗೆ ನಾನು ಒಂದು ಗಂಟೆ ಇಟ್ಟುಕೊಳ್ಳುತ್ತೇನೆ; ಅರ್ಧ ಗಂಟೆ ರೋಗಿಯೊಂದಿಗೆ, ಅರ್ಧ ಗಂಟೆ ಅವರ ಜೊತೆಯಲ್ಲೇ ವಾಸಿಸುವವರೊಂದಿಗೆ. ವಿದೇಶದಿಂದ ವರ್ಷಕ್ಕೊಮ್ಮೆ ಬರುವ ಮಗನಿಗಿಂತ ದಿನವೂ ಕಾಫಿ ಕೊಡುವ ಸೊಸೆಯ ಮಾತಿಗೆ ಇಲ್ಲಿ ತೂಕ ಹೆಚ್ಚು. ರೋಗಿಯನ್ನು ನೇರವಾಗಿ ಒಂದು ಪ್ರಶ್ನೆ ಕೇಳಿದಾಗ ಅವರು ಉತ್ತರಿಸುವ ಮೊದಲು ಪಕ್ಕದಲ್ಲಿ ಕುಳಿತ ಹೆಂಡತಿಯ ಅಥವಾ ಮಗಳ ಮುಖ ನೋಡುತ್ತಾರೆಯೇ ಎಂಬುದನ್ನು ಗಮನಿಸುತ್ತೇನೆ. ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದಾಗ ತಲೆ ತಾನಾಗಿ ಆ ಕಡೆ ತಿರುಗಿದರೆ ಅದು ಅಲ್ಜೈಮರ್‌ನಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ. ಖಿನ್ನತೆಯಿಂದ ಮರೆವು ಬಂದವರು ಸಾಮಾನ್ಯವಾಗಿ ಹಾಗೆ ತಿರುಗುವುದಿಲ್ಲ, ತಮಗೆ ಏನೂ ನೆನಪಿರುವುದಿಲ್ಲವೆಂದು ತಾವೇ ದೂರುತ್ತಾರೆ. ಖಿನ್ನತೆಗೆ ಬೇರೆ ಚಿಕಿತ್ಸೆ ಇರುವುದರಿಂದ ಈ ವ್ಯತ್ಯಾಸ ಮುಖ್ಯ.

ನೆನಪಿನ ಪರೀಕ್ಷೆಗಳಲ್ಲಿ 30 ಅಂಕಗಳ ಎಂ.ಎಂ.ಎಸ್.ಇ. ಎಲ್ಲೆಡೆ ಬಳಕೆಯಲ್ಲಿದೆ. ಅದು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ ಎಂದೆಲ್ಲ ಕೇಳುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಇದನ್ನು ಕೊಟ್ಟು, ಅಂಕ ಕಡಿಮೆ ಬಂತೆಂದು ಡಿಮೆನ್ಷಿಯಾ ಎಂದು ಬರೆದ ಚೀಟಿಗಳನ್ನು ನಾನು ಕಂಡಿದ್ದೇನೆ. ಇದಕ್ಕೆ ವಿರುದ್ಧವಾಗಿ, ನಿವೃತ್ತ ಪ್ರಾಧ್ಯಾಪಕರು ತಮ್ಮ ಹಳೆಯ ಬಂಡವಾಳದ ಬಲದಿಂದ 28 ಅಂಕ ಪಡೆದು, ಮನೆಯಲ್ಲಿ ಗ್ಯಾಸ್ ಹಚ್ಚಿಟ್ಟು ಮರೆಯುತ್ತಿದ್ದರೂ "ಏನೂ ಇಲ್ಲ" ಎನ್ನಿಸಿಕೊಂಡು ಹೋಗುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಸಲಕರಣೆಯನ್ನು ಸಿದ್ಧಪಡಿಸಿದೆ. ನಿಮ್ಮ ವೈದ್ಯರು ಇಂಗ್ಲಿಷ್ ಹಾಳೆಯನ್ನು ಬಾಯಲ್ಲೇ ಅನುವಾದಿಸುತ್ತಿದ್ದರೆ ಕನ್ನಡದ್ದು ಇದೆಯೇ ಎಂದು ಕೇಳಲು ಸಂಕೋಚ ಬೇಡ. ಓದು ಬಾರದವರಿಗೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಗೌರಿ ಗಣೇಶ ಆದಮೇಲೆ ಯಾವ ಹಬ್ಬ, ನೂರು ರೂಪಾಯಿ ಕೊಟ್ಟು ಅರವತ್ತೈದರ ಸಾಮಾನು ತಂದರೆ ಎಷ್ಟು ಉಳಿಯಿತು, ಕೊನೆಯ ಮೊಮ್ಮಗು ಯಾರ ಮಗಳು. ಹೊಲ, ಹಟ್ಟಿ, ಅಡುಗೆ, ಸಂಘದ ಲೆಕ್ಕ, ಇವುಗಳಲ್ಲಿ ಎಲ್ಲಿ ಎಡವುತ್ತಾರೆ ಎಂಬುದೇ ಅವರ ಪರೀಕ್ಷೆ.

ಖಾಸಗಿ ವೈದ್ಯಕೀಯದಲ್ಲಿ ಈ ಒಂದು ಗಂಟೆಗೆ ಬೆಲೆಪಟ್ಟಿ ಇಲ್ಲ. ಸಮಾಲೋಚನೆಯ ಶುಲ್ಕ ಹತ್ತು ನಿಮಿಷಕ್ಕೂ ಅಷ್ಟೇ, ಅರವತ್ತು ನಿಮಿಷಕ್ಕೂ ಅಷ್ಟೇ, ಆದರೆ ಸ್ಕ್ಯಾನಿಗೆ, ರಕ್ತಪರೀಕ್ಷೆಗೆ, ಡ್ರಿಪ್ಪಿಗೆ ಪ್ರತ್ಯೇಕ ಬಿಲ್ಲು ಆಗುತ್ತದೆ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಎಂ.ಆರ್.ಐ. ಬರೆದುಕೊಡುವುದು ವೈದ್ಯರಿಗೂ ಸುಲಭ, ದೂರದಿಂದ ಬಂದ ಮನೆಯವರಿಗೂ ಏನೋ ನಡೆಯಿತೆಂಬ ಸಮಾಧಾನ. ನಾನೂ ಈ ವ್ಯವಸ್ಥೆಯೊಳಗೇ ದುಡಿಯುವವನು, ಹೊರಗಿನಿಂದ ಕಲ್ಲೆಸೆಯುತ್ತಿಲ್ಲ. ಸ್ಕ್ಯಾನ್ ಬೇಕೇಬೇಕು, ಆದರೆ ಅದರ ಕೆಲಸ ಬೇರೆ ಕಾರಣಗಳನ್ನು ಹುಡುಕುವುದು: ಕೆಲವು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದ ಮೆದುಳಿನ ಹೊದಿಕೆಯಡಿ ನಿಧಾನವಾಗಿ ಸೇರಿದ ರಕ್ತ, ಗಡ್ಡೆ, ಹಳೆಯ ಸಣ್ಣ ಸ್ಟ್ರೋಕುಗಳು, ಅಥವಾ ಮೆದುಳಿನ ಕುಳಿಗಳಲ್ಲಿ ನೀರು ತುಂಬಿ ಕಾಲು ನೆಲಕ್ಕೆ ಅಂಟಿದಂತಹ ನಡಿಗೆ, ಮೂತ್ರದ ಹಿಡಿತ ತಪ್ಪುವುದು ಮತ್ತು ಮರೆವು ಮೂರೂ ಒಟ್ಟಾಗಿ ಬರುವ ಸ್ಥಿತಿ. ಇವುಗಳಲ್ಲಿ ಕೆಲವಕ್ಕೆ ಶಸ್ತ್ರಚಿಕಿತ್ಸೆಯಿಂದ ಪರಿಹಾರವಿದೆ. ಹೊಸದೇನೂ ಘಟಿಸದಿದ್ದರೆ ಸಾಮಾನ್ಯವಾಗಿ ಒಂದು ಒಳ್ಳೆಯ ಸ್ಕ್ಯಾನ್ ಸಾಕು. ಆಸ್ಪತ್ರೆ ಬದಲಾದ ಮಾತ್ರಕ್ಕೆ ಮೆದುಳು ಬದಲಾಗುವುದಿಲ್ಲ.

ಮಾತ್ರೆಗಳ ಚೀಲವನ್ನು ಪೂರ್ತಿ ಸುರಿದು ನೋಡದೆ ಯಾರಿಗೂ ಡಿಮೆನ್ಷಿಯಾ ಎಂದು ಹೇಳಬಾರದು ಎಂಬುದು ನನ್ನ ನಿಲುವು. ನಿದ್ದೆಗೆಂದು ವರ್ಷಗಟ್ಟಲೆ ನುಂಗುತ್ತಿರುವ ಆಲ್ಪ್ರಜೋಲಾಂ, ಮೂತ್ರ ತಡೆಯಲಾಗದ್ದಕ್ಕೆ ಕೊಟ್ಟ ಆಕ್ಸಿಬ್ಯುಟಿನಿನ್, ನೋವಿಗೆಂದು ಶುರುವಾದ ಅಮಿಟ್ರಿಪ್ಟಿಲಿನ್ ಮುಪ್ಪಿನಲ್ಲಿ ತಲೆಯನ್ನು ಮಂಕುಗೊಳಿಸಬಲ್ಲವು. ಇವನ್ನು ತಟ್ಟನೆ ನಿಲ್ಲಿಸಬಾರದು, ವೈದ್ಯರ ನಿಗಾದಲ್ಲಿ ಇಳಿಸಬೇಕು. ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಎಲ್ಲರಿಗೂ ಆಗಲೇಬೇಕು. ಸಸ್ಯಾಹಾರಿಗಳಾಗಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ "ಗ್ಯಾಸಿಗೆ" ಪ್ಯಾಂಟೊಪ್ರಜೋಲ್ ಅನ್ನು ಹತ್ತು ವರ್ಷದಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಬಿ12 ತಳ ಕಂಡಿರುವುದು ಅಪರೂಪವಲ್ಲ. ಹಾಸನದ ಆ ತಾಯಿಯದೂ ಅದೇ ಕಥೆಯಾಗಿತ್ತು. ಚುಚ್ಚುಮದ್ದು ಕೊಟ್ಟ ಮೇಲೆ ಕಾಲಿನ ಜೋಮು, ಸುಸ್ತು ಕಡಿಮೆಯಾದವು, ಮುಖದಲ್ಲಿ ಗೆಲುವು ಬಂತು, ಸಾರಿನ ಕ್ರಮ ಮಾತ್ರ ಮರಳಲಿಲ್ಲ. ಬಿ12 ಕೊರತೆಯ ಜೊತೆಗೆ ಅಲ್ಜೈಮರ್ ಕೂಡ ಇತ್ತು. ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದರೆ ಹೀಗೆ ಇನ್ನೊಂದು ತಪ್ಪಿಹೋಗುತ್ತದೆ. ಸೊಂಟದ ಮೂಳೆಯ ಆಪರೇಷನ್ ಆದ ಮಾರನೆಯ ದಿನ ಅಥವಾ ಮೂತ್ರದ ಸೋಂಕಿನ ಜ್ವರದಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿಗೊಂಡವರಿಗೆ ಇರುವುದು ಡೆಲಿರಿಯಂ ಎಂಬ, ಕಾರಣ ಸರಿಹೋದಾಗ ಸಾಮಾನ್ಯವಾಗಿ ಇಳಿಯುವ ಗೊಂದಲ, ಐ.ಸಿ.ಯು. ಹಾಸಿಗೆಯ ಮೇಲೆ ಯಾರಿಗೂ ಹೊಸದಾಗಿ ಡಿಮೆನ್ಷಿಯಾ ಹಣೆಪಟ್ಟಿ ಹಚ್ಚಬಾರದು.

ಈಗ ಔಷಧಿಗಳ ಮಾತು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಮತ್ತು ಸ್ವಲ್ಪ ಮುಂದುವರಿದ ಹಂತದಲ್ಲಿ ಮೆಮ್ಯಾಂಟಿನ್, ಇವಿಷ್ಟು ಹಳೆಯ ಮದ್ದುಗಳು. ಇವು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕೆಲವರಲ್ಲಿ ಗಮನ, ಮಾತು, ದಿನಚರಿ ಒಂದಷ್ಟು ಕಾಲ ಹಿಡಿತದಲ್ಲಿ ಉಳಿಯಲು ನೆರವಾಗುತ್ತವೆ. ಇಲ್ಲದ್ದು ಕಣ್ಣಿಗೆ ಕಾಣುವ, ಕೈಕಾಲು ಬಿಗಿಯುವ ಲೂಯಿ ಬಾಡಿ ಎಂಬ ಬಗೆಯಲ್ಲಿ ಒಮ್ಮೊಮ್ಮೆ ಚೆನ್ನಾಗಿ ಕೆಲಸ ಮಾಡುತ್ತವೆ, ನಡವಳಿಕೆ ಮೊದಲು ಕೆಡುವ ಫ್ರಂಟೊಟೆಂಪೊರಲ್ ಬಗೆಯಲ್ಲಿ ಡೊನೆಪೆಜಿಲ್ ತೊಂದರೆಯನ್ನೇ ಹೆಚ್ಚಿಸಬಹುದು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಒಬ್ಬ ಹಿರಿಯರಿಗೆ ಇ.ಸಿ.ಜಿ. ನೋಡದೆ ಡೊನೆಪೆಜಿಲ್ ಬರೆದೆ. ಅವರ ನಾಡಿ ಮೊದಲೇ ನಿಧಾನವಾಗಿತ್ತು, ಮದ್ದಿನಿಂದ ಇನ್ನೂ ಇಳಿದು, ದೇವರ ಮನೆಯ ಹೊಸ್ತಿಲಲ್ಲಿ ತಲೆಸುತ್ತಿ ಬಿದ್ದರು. ಮುಂಗೈ ಮುರಿಯಿತು. ಅಂದಿನಿಂದ ನಾಡಿ ಹಿಡಿಯದೆ ಆ ಹೆಸರನ್ನು ಬರೆದಿಲ್ಲ. ನೆನಪಿನ ಟಾನಿಕ್, "ನರಶಕ್ತಿ"ಯ ಡ್ರಿಪ್, ಸ್ಟೆಮ್ ಸೆಲ್ ಪ್ಯಾಕೇಜು, ಇವು ಡಿಮೆನ್ಷಿಯಾವನ್ನು ತಡೆಯುತ್ತವೆ ಎನ್ನಲು ಗಟ್ಟಿ ಆಧಾರ ಇಲ್ಲ. ಆ ಹಣ ಆರೈಕೆಗೆ ಉಳಿಯಲಿ.

ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಮತ್ತು 2024ರಲ್ಲಿ ಒಪ್ಪಿಗೆ ಪಡೆದ ಡೊನಾನೆಮ್ಯಾಬ್ ಎಂಬ ಹೊಸ ಮದ್ದುಗಳ ಬಗ್ಗೆ ವಾಟ್ಸಾಪ್ ಸಂದೇಶ ಹಿಡಿದು ಬರುವವರು ಈಗೀಗ ಹೆಚ್ಚು. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 18 ತಿಂಗಳ ಕೊನೆಗೆ ಕುಸಿತದ ವೇಗ ಶೇ 27ರಷ್ಟು ತಗ್ಗಿತ್ತು. ಹೋದ ನೆನಪು ಮರಳಲಿಲ್ಲ. ಇವು ಆರಂಭದ ಹಂತದ ಅಲ್ಜೈಮರ್‌ಗೆ ಮಾತ್ರ. ಮೆದುಳಿನಲ್ಲಿ ಈ ಮದ್ದುಗಳು ತೆಗೆಯುವ ಅಮಿಲಾಯ್ಡ್ ಎಂಬ ಪ್ರೋಟೀನು ಇದೆಯೆಂದು ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ನೀರಿನ ಪರೀಕ್ಷೆಯಿಂದ ಖಚಿತವಾಗಬೇಕು, ಮೆದುಳಿನಲ್ಲಿ ಊತ ಅಥವಾ ರಕ್ತಸ್ರಾವ ಆಗಬಹುದಾದ್ದರಿಂದ ಮತ್ತೆ ಮತ್ತೆ ಎಂ.ಆರ್.ಐ. ಬೇಕು. ಮುಂದುವರಿದ ಹಂತದಲ್ಲಿರುವ ತಂದೆಗಾಗಿ ಜಮೀನು ಮಾರಿ ಇದನ್ನು ತರಿಸುತ್ತೇವೆ ಎಂದವರನ್ನು ನಾನು ತಡೆದಿದ್ದೇನೆ.

ಮನೆಯವರನ್ನು ಹಣ್ಣುಮಾಡುವುದು ಮರೆವಿಗಿಂತ ಹೆಚ್ಚಾಗಿ ಸಂಜೆಯ ಹೊತ್ತು. ದೀಪ ಹಚ್ಚುವ ವೇಳೆಗೆ ಚಡಪಡಿಕೆ ಶುರುವಾಗಿ, ತಮ್ಮದೇ ಮನೆಯಲ್ಲಿ ಕುಳಿತು "ಮನೆಗೆ ಹೋಗೋಣ" ಎನ್ನುತ್ತಾರೆ, ಒಡವೆ ಕದ್ದೆಯೆಂದು ಸೊಸೆಯನ್ನು ಬೈಯುತ್ತಾರೆ. ಇದೇ ನಮ್ಮ ಮನೆ ಎಂದು ವಾದಿಸಿ ಗೆದ್ದವರಿಲ್ಲ. ಚಪ್ಪಲಿ ಹಾಕಿಸಿ, ಬೀದಿಯ ಕೊನೆಯವರೆಗೆ ನಡೆಸಿ ಕರೆತಂದರೆ ಎಷ್ಟೋ ಸಲ ಸಾಕಾಗುತ್ತದೆ. ಮಲಬದ್ಧತೆ, ಹಲ್ಲುನೋವು, ಕಿವಿ ಕೇಳಿಸದಿರುವುದು ಸಿಟ್ಟಿನ ಹಿಂದಿವೆಯೇ ಎಂದು ನೋಡಬೇಕು. ಸಿಟ್ಟು, ಚಡಪಡಿಕೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂತಹ ಮದ್ದುಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಬೇರೆ ದಾರಿ ಇಲ್ಲದಾಗ ಕಡಿಮೆ ಪ್ರಮಾಣದಲ್ಲಿ, ಕಡಿಮೆ ಅವಧಿಗೆ ಕೊಡುತ್ತೇವೆ. ಆರು ತಿಂಗಳಿಂದ ಅದೇ ಚೀಟಿ ನಡೆಯುತ್ತಿದ್ದರೆ ಏಕೆಂದು ಕೇಳಿ.

ಖರ್ಚಿನ ಬಹುಪಾಲು ಆಸ್ಪತ್ರೆಯ ಹೊರಗೇ ಆಗುತ್ತದೆ. ಹೆಚ್ಚಿನ ವಿಮೆಗಳು ಒಳರೋಗಿಯಾಗಿ ದಾಖಲಾದರೆ ಮಾತ್ರ ಹಣ ಕೊಡುತ್ತವೆ, 70 ದಾಟಿದವರಿಗೆ 2024ರಿಂದ ಸಿಗುವ 5 ಲಕ್ಷ ರೂಪಾಯಿಯ ಆಯುಷ್ಮಾನ್ ನೆರವೂ ಮುಖ್ಯವಾಗಿ ಅದಕ್ಕೇ. ಹಗಲು ರಾತ್ರಿ ಪಾಳಿಯ ಆರೈಕೆದಾರರ ಸಂಬಳ, ಡೈಪರು, ಕೆಲಸ ಬಿಟ್ಟ ಸೊಸೆಯ ಆದಾಯ ಸಾಮಾನ್ಯವಾಗಿ ಪಾಲಿಸಿಗಳಲ್ಲಿ ಬರುವುದಿಲ್ಲ. ಹಣ ಸಾಲದ ಕುಟುಂಬಗಳಿಗೆ ನಾನು ನಿಮ್ಹಾನ್ಸ್ ಕಡೆಗೂ, ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಮೆದುಳು ಆರೋಗ್ಯ ಕ್ಲಿನಿಕ್‌ಗಳ ಕಡೆಗೂ ಚೀಟಿ ಬರೆದುಕೊಡುತ್ತೇನೆ.

ರೋಗ ಖಚಿತವಾದ ದಿನವೇ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ಜಂಟಿಯೇ, ಉಯಿಲು ಬರೆದಿದ್ದಾರೆಯೇ ಎಂದು ಕೇಳುತ್ತೇನೆ. ಕೆಲವರು ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಬ್ಬರಂತೂ ಫೀಸು ಅಷ್ಟೊಂದೇ ಎಂದು ಕೇಳಿದ್ದರು. ಕಾರಣ ಇಷ್ಟೇ: ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟವರು ವಿವೇಚನೆ ಕಳೆದುಕೊಂಡಾಗ ನಮ್ಮ ಕರಾರು ಕಾಯ್ದೆಯಂತೆ ಆ ಪತ್ರ ಬಿದ್ದುಹೋಗುತ್ತದೆ, ಆಮೇಲೆ ಪಾಲಕರ ನೇಮಕಕ್ಕೆ ಹೈಕೋರ್ಟಿನ ಬಾಗಿಲು ತಟ್ಟಬೇಕಾಗುತ್ತದೆ. ಎರಡು ವರ್ಷ ತಡವಾಗಿ ಬಂದವರು, ಅಪ್ಪನ ಹೆಬ್ಬೆಟ್ಟು ಒತ್ತಿಸುತ್ತೇವೆ, ಬುದ್ಧಿ ಸರಿಯಿದೆ ಎಂದು ಒಂದು ಸರ್ಟಿಫಿಕೇಟ್ ಬರೆದುಕೊಡಿ ಎನ್ನುತ್ತಾರೆ. ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.