ಸೋರುವುದು ಗಾಳಿ, ಸುಡುವುದು ಕಂಪ್ರೆಸರ್

ಏರ್ ಸಸ್ಪೆನ್ಷನ್ ಇರುವ, ಅಂದರೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಕಾರು. ರಾತ್ರಿ ಸಮನಾಗಿ ನಿಂತಿದ್ದದ್ದು ಬೆಳಿಗ್ಗೆ ನೋಡಿದರೆ ಮುಂದಿನ ಎಡ ಮೂಲೆಯಲ್ಲಿ ಕುಸಿದು ಕುಳಿತಿರುತ್ತದೆ. ಎಂಜಿನ್ ಚಾಲೂ ಮಾಡಿದರೆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಗುರುಗುಟ್ಟುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾರು ಮೇಲೇಳುತ್ತದೆ. ಕೆಲವು ತಿಂಗಳ ಬಳಿಕ ಏಳುವುದೇ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸುತ್ತಾರೆ, ನಿಗದಿತ ಸಮಯದಲ್ಲಿ ಎತ್ತರ ಏರಿಲ್ಲ ಎಂಬರ್ಥದ ದೋಷಸಂಕೇತ ಕಾಣುತ್ತದೆ. ಹೊಸ ಕಂಪ್ರೆಸರ್ ಬರುತ್ತದೆ, ಅದರ ಹಿಂದೆ ಎದೆಯೊಡೆಯುವಂಥ ಬಿಲ್ಲೂ ಬರುತ್ತದೆ. ವರ್ಷ ತುಂಬುವ ಮೊದಲೇ ಆ ಹೊಸದೂ ಸುಟ್ಟುಹೋದರೆ, ‘ಏರ್ ಸಸ್ಪೆನ್ಷನ್ ಸಹವಾಸವೇ ಬೇಡ’ ಎಂಬ ಷರಾ ಬೀಳುತ್ತದೆ.

ಈ ಷರಾ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕು ಸೋರುತ್ತಿದ್ದರೆ ಕೆಳಗಿನ ಸಂಪಿನ ಮೋಟಾರು ಹಗಲೂ ರಾತ್ರಿ ಓಡಿ ಸುಟ್ಟುಹೋಗುತ್ತದೆ. ಟ್ಯಾಂಕಿನ ಬಿರುಕು ಮುಚ್ಚದೆ ಮೋಟಾರನ್ನೇ ಬದಲಿಸುತ್ತ ಹೋದರೆ ಅಂಗಡಿಯವನಿಗಷ್ಟೇ ಲಾಭ. ಕಾರಿನ ಕಂಪ್ರೆಸರ್ ಕೂಡ ಸದಾ ಓಡಲು ಮಾಡಿದ ಯಂತ್ರವಲ್ಲ. ಅದು ಆಗಾಗ ಸ್ವಲ್ಪ ಹೊತ್ತು ಓಡಿ ತಣ್ಣಗಾಗಬೇಕಾದ ಪುಟ್ಟ ವಿದ್ಯುತ್ ಪಂಪು. ಸೋರಿಕೆಯನ್ನು ತುಂಬಿಕೊಡಲು ಹೋಗಿ ಅದರ ಪಿಸ್ಟನ್ ರಿಂಗು ಸವೆಯುತ್ತದೆ.

2002ರಲ್ಲಿ ಬಂದ ಮರ್ಸಿಡಿಸ್ ಇ55 ಎಎಂಜಿಯನ್ನೇ ತೆಗೆದುಕೊಳ್ಳೋಣ. ಸೂಪರ್‌ಚಾರ್ಜರ್ ಹೊತ್ತ 5.4 ಲೀಟರಿನ ವಿ8 ಎಂಜಿನ್, 476 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್. ಅಂಥ ದೈತ್ಯ ನಿಂತಿರುವುದು ರಬ್ಬರ್ ಚೀಲದೊಳಗಿನ ಗಾಳಿಯ ಮೇಲೆ. ಇದು ಬರೀ ಮೆತ್ತನೆಯ ಸುಖಕ್ಕಾಗಿ ಮಾಡಿದ್ದಲ್ಲ. ಉಕ್ಕಿನ ಸ್ಪ್ರಿಂಗಿನ ಬಿಗುಪು ಒಂದೇ. ಚಾಲಕನೊಬ್ಬನೇ ಇದ್ದಾಗ ಅದು ಸರಿಯಿದ್ದರೆ, ಐದು ಜನ ಮತ್ತು ಪೆಟ್ಟಿಗೆಗಳು ಸೇರಿದಾಗ ಕಾರು ತಗ್ಗುತ್ತದೆ, ತೂಗಾಟ ನಿಧಾನವಾಗುತ್ತದೆ. ಗಾಳಿಯ ಸ್ಪ್ರಿಂಗಿಗೆ ಹೆಚ್ಚು ಭಾರ ಬಿದ್ದರೆ ಹೆಚ್ಚು ಗಾಳಿ ತುಂಬಿ ಎತ್ತರವನ್ನು ಮೊದಲಿನಷ್ಟಕ್ಕೇ ತರಬಹುದು. ಒತ್ತಡ ಏರಿದಂತೆ ಬಿಗುಪೂ ಏರುತ್ತದೆ. ಭಾರ ಮತ್ತು ಬಿಗುಪು ಜೊತೆಜೊತೆಯಾಗಿ ಏರುವುದರಿಂದ ತೂಗಾಟದ ಲಯ ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಮ್ಮ ಐರಾವತ ವೋಲ್ವೊ ಬಸ್ಸು ಖಾಲಿಯಿದ್ದಾಗಲೂ ತುಂಬಿದಾಗಲೂ ಒಂದೇ ಹದದಲ್ಲಿ ಸಾಗುವುದು ಇದೇ ಕಾರಣಕ್ಕೆ.

ಉಕ್ಕು ಮತ್ತು ಗಾಳಿ ಎರಡರ ಕಥೆಯಲ್ಲೂ ಒಬ್ಬನೇ ಮನುಷ್ಯನ ಕೈಯಿದೆ. ಆಕ್ಸ್‌ಫರ್ಡಿನಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್‌ಗೆ ಗಾಳಿಯ ಪಂಪು ಕಟ್ಟಿಕೊಟ್ಟ ಸಹಾಯಕ ರಾಬರ್ಟ್ ಹುಕ್. ಬಾಯ್ಲ್ 1662ರಲ್ಲಿ ಒತ್ತಡ ಮತ್ತು ಗಾತ್ರದ ನಿಯಮ ಪ್ರಕಟಿಸಿದ; ಹುಕ್ 1678ರಲ್ಲಿ ಲೋಹದ ಸ್ಪ್ರಿಂಗಿನ ನಿಯಮ ಪ್ರಕಟಿಸಿದ. ನ್ಯೂಟನ್ನನ ನೆರಳಲ್ಲಿ ಹುಕ್ ಮರೆಯಾದದ್ದು ಬೇರೆಯೇ ಕಥೆ, ಇಲ್ಲಿ ಎತ್ತಿಕೊಂಡರೆ ಕಾರು ಮತ್ತೆ ಮೇಲೇಳುವುದಿಲ್ಲ. ಕಾರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಮಾತ್ರ ಬಹುಕಾಲ ಕಷ್ಟವೇ ಆಗಿತ್ತು. 1957ರ ಕ್ಯಾಡಿಲ್ಯಾಕ್ ಎಲ್ಡೊರಾಡೊ ಬ್ರೂಮ್ ಕಾರಿನ ಸೋರಿಕೆ ತಾಳಲಾರದೆ ಹಲವು ಮಾಲೀಕರು ಉಕ್ಕಿನ ಸ್ಪ್ರಿಂಗ್ ಹಾಕಿಸಿಕೊಂಡರು. ಮರ್ಸಿಡಿಸ್ ಹಟ ಬಿಡಲಿಲ್ಲ. 1968ರಲ್ಲಿ ಬಂದ 300 ಎಸ್‌ಇಎಲ್ 6.3 ಗಾಳಿಯ ಮೇಲೆಯೇ ಓಡಿತು.

ಈಗ ನನಗೆ ಅಚ್ಚುಮೆಚ್ಚಿನ ಸಂಗತಿಗೆ ಬರುತ್ತೇನೆ. ಸೋರುತ್ತಿರುವ ಗಾಳಿ ಸ್ಪ್ರಿಂಗಿನೊಳಗೆ ಒತ್ತಡ ಇಳಿಯುತ್ತದೆಯೇ? ಇಳಿಯಲೇಬೇಕಲ್ಲ ಎನ್ನುತ್ತೀರಿ. ಲೆಕ್ಕ ಹಾಕಿ ನೋಡಿ. ಒಂದು ಚೀಲದ ಮೇಲೆ 500 ಕಿಲೋ ಭಾರವಿದೆ, ಅದನ್ನು ಹೊರುವ ವಿಸ್ತೀರ್ಣ 80 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿಗೆ 6.25 ಕಿಲೋ ಒತ್ತಡ ಬೇಕು. ಅರ್ಧ ಗಾಳಿ ಸೋರಿಹೋದ ಮೇಲೂ ಕಾರಿನ ತೂಕ ಅಷ್ಟೇ, ವಿಸ್ತೀರ್ಣ ಸ್ಥೂಲವಾಗಿ ಅಷ್ಟೇ. ಹಾಗಾದರೆ ಒತ್ತಡವೂ ಅಷ್ಟೇ ಇರಬೇಕು. ಇಳಿಯುವುದು ಎತ್ತರ. ಕಾರು ತಗ್ಗಿ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿನ ಮೇಲೆ ಕುಳಿತು, ಭಾರವನ್ನು ಆ ತುಂಡು ಹೊತ್ತ ಮೇಲೆಯೇ ಒತ್ತಡ ಬೀಳತೊಡಗುವುದು. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಮೆತ್ತಗಾಗುತ್ತದೆ, ಇಲ್ಲಿ ತದ್ವಿರುದ್ಧ. ಅದೇ ಒತ್ತಡದ ಗಾಳಿ ಕಡಿಮೆ ಜಾಗದಲ್ಲಿದ್ದರೆ ಸ್ಪ್ರಿಂಗ್ ಹೆಚ್ಚು ಬಿಗಿಯಾಗುತ್ತದೆ. ತಗ್ಗಿದ ಕಾರು ಸಣ್ಣ ಹಳ್ಳಕ್ಕೂ ಕುಟ್ಟುವುದು ಅದಕ್ಕೇ. ಇ55ರಲ್ಲಿ ಸವಾರಿಯನ್ನು ಬಿಗಿ ಮಾಡುವಾಗ ಬಳಸಿಕೊಂಡದ್ದೂ ಇದನ್ನೇ: ಹೆಚ್ಚುವರಿ ಗಾಳಿಯ ಕೋಣೆಯನ್ನು ಮುಚ್ಚಿಬಿಟ್ಟರೆ ಬಿಗುಪು ಏರುತ್ತದೆ.

ಆದ್ದರಿಂದ ಸೋರಿಕೆ ಹುಡುಕಲು ಮೊದಲು ಬೇಕಾದದ್ದು ಅಳತೆ ಟೇಪು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಬೇಕು, ಏಕೆಂದರೆ ಕೆಲವು ಕಾರುಗಳು ಬಾಗಿಲು ತೆರೆದ ಕೂಡಲೇ ಎಚ್ಚೆತ್ತು ಎತ್ತರ ಸರಿಪಡಿಸಿಕೊಳ್ಳುತ್ತವೆ. ನಾಲ್ಕೂ ಮೂಲೆ ಸುಮಾರಾಗಿ ಸಮನಾಗಿ, ಒಂದು ಸೆಂಟಿಮೀಟರಿನ ಆಸುಪಾಸು ಇಳಿದಿದ್ದರೆ ಗಾಬರಿ ಬೇಡ. ತಾಪ 30 ಡಿಗ್ರಿಯಿಂದ 18ಕ್ಕೆ ಇಳಿದರೆ ಗಾಳಿಯ ಗಾತ್ರ ಶೇ. 4ರಷ್ಟು ಕುಗ್ಗುತ್ತದೆ. ಒಂದೇ ಮೂಲೆ ಕುಸಿದಿದ್ದರೆ ಅನುಮಾನ ಆ ಮೂಲೆಯ ಸ್ಟ್ರಟ್ (ಗಾಳಿ ಚೀಲವನ್ನು ಹೊತ್ತ ಕಂಬ), ಅದರ ಕೊಳವೆಯ ಜೋಡಣೆ ಮತ್ತು ಮೂಲೆಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನ ಮೇಲೆ. ರಾತ್ರಿಯಿಡೀ ಅಲುಗಾಡದೆ ನಿಂತು, ಎಂಜಿನ್ ಓಡುವಾಗ ಮಾತ್ರ ಓರೆಯಾದರೆ ಗಾಳಿಯ ತಂಟೆಗೇ ಹೋಗಬೇಡಿ. ಎತ್ತರ ಅಳೆಯುವ ಸೆನ್ಸರಿನ ಪುಟ್ಟ ಕಡ್ಡಿ ಕಳಚಿದೆಯೇ ನೋಡಿ.

ಸೋಪಿನ ನೀರು ಸಿಂಪಡಿಸಿ ಗುಳ್ಳೆ ಹುಡುಕುವುದು ಎಲ್ಲರಿಗೂ ಗೊತ್ತು. ಬಹಳ ಮಂದಿ ತಪ್ಪುವುದು ಕಾರನ್ನು ಲಿಫ್ಟಿನ ಮೇಲೆ ಏರಿಸಿ ಸಿಂಪಡಿಸುವುದರಲ್ಲಿ. ಚಕ್ರ ಜೋತುಬಿದ್ದಾಗ ಚೀಲ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕಾರು ಸಾಮಾನ್ಯ ಎತ್ತರದಲ್ಲಿದ್ದಾಗ ರಬ್ಬರ್ ಎಲ್ಲಿ ಮಡಿಚಿಕೊಳ್ಳುತ್ತಿತ್ತೋ ಆ ಮಡಿಕೆ ಬೇರೆ ಕಡೆ ಸರಿಯುತ್ತದೆ. ಬಿರುಕು ಇರುವುದು ಹಳೆಯ ಮಡಿಕೆಯಲ್ಲಿ, ಕೂದಲೆಳೆಯಂಥ ಸಣ್ಣ ಗೆರೆಗಳಾಗಿ. ಮಡಿಕೆ ಬಿಚ್ಚಿದಾಗ ಅವು ಬಾಯಿ ಮುಚ್ಚಿಕೊಳ್ಳುತ್ತವೆ, ಗುಳ್ಳೆ ಏಳುವುದಿಲ್ಲ, ‘ಸ್ಟ್ರಟ್ ಚೆನ್ನಾಗಿದೆ’ ಎಂಬ ಪ್ರಮಾಣಪತ್ರ ಸಿಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಸಂದಿಯಲ್ಲಿ ಟಾರ್ಚ್ ಹಿಡಿದು ಮಡಿಕೆಯ ಒಳಅಂಚಿಗೆ ಮತ್ತು ಸ್ಟ್ರಟ್ಟಿನ ತಲೆಯ ಜೋಡಣೆಗೆ ಸಿಂಪಡಿಸಬೇಕು. ಆಧಾರದ ಸ್ಟ್ಯಾಂಡ್ ಇಲ್ಲದೆ ಕಾರಿನಡಿ ತಲೆ ತೂರಿಸುವ ಸಾಹಸ ಮಾತ್ರ ಬೇಡವೇ ಬೇಡ.

ವಾಲ್ವ್ ಬ್ಲಾಕ್ ಹಾಳಾಗುವುದರ ಹಿಂದೆಯೂ ಹೆಚ್ಚಾಗಿ ಸೋರಿಕೆಯೇ ಇರುತ್ತದೆ. ಕಂಪ್ರೆಸರಿನ ಪಕ್ಕದಲ್ಲಿ ತೇವ ಹೀರುವ ಹರಳುಗಳ ಡ್ರೈಯರ್ ಇರುತ್ತದೆ. ಕಾರು ತಗ್ಗುವಾಗ ಹೊರಬರುವ ಒಣ ಗಾಳಿ ಹಿಮ್ಮುಖವಾಗಿ ಅದರೊಳಗೆ ಹಾದು ಆ ತೇವವನ್ನು ಹೊತ್ತೊಯ್ಯಬೇಕು. ಗಾಳಿ ಬಿರುಕಿನಿಂದಲೇ ಹೋಗಿಬಿಟ್ಟರೆ ಹರಳುಗಳಿಗೆ ಒಣಗುವ ಅವಕಾಶ ಎಲ್ಲಿ? ನೀರು ವಾಲ್ವುಗಳಿಗೆ ಇಳಿದು ತುಕ್ಕು ಹಿಡಿಸುತ್ತದೆ.

ಸೋರುವ ಸ್ಟ್ರಟ್ಟಿಗೆ ಅಂಟು ಹಚ್ಚುವುದು ವ್ಯರ್ಥ, ಬದಲಿಸಲೇಬೇಕು. ಉಕ್ಕಿನ ಸ್ಪ್ರಿಂಗಿಗೆ ಮರಳಿದರೆ ಖರ್ಚು ಉಳಿಯಬಹುದು, ಆದರೆ ಮೇಲೆ ಹೇಳಿದ ಲಯವೂ ಹೋಯಿತು. ಹೊಸದನ್ನು ಕೂರಿಸಿದ ಮೇಲೆ ಗಾಳಿ ತುಂಬದೆ ಕಾರಿನ ಭಾರವನ್ನು ಅದರ ಮೇಲೆ ಇಳಿಸಕೂಡದು; ಖಾಲಿ ಚೀಲ ಅಡ್ಡಾದಿಡ್ಡಿ ಮಡಿಚಿಕೊಂಡು ಮೊದಲ ದಿನವೇ ಗಾಯಗೊಳ್ಳುತ್ತದೆ. ಕಂಪ್ರೆಸರೂ ಸೋತಿದ್ದು ಅದನ್ನು ಬದಲಿಸಬೇಕಾದರೆ ಜೊತೆಗೆ ಅದಕ್ಕೆ ವಿದ್ಯುತ್ ಹಾಯಿಸಿ ನಿಲ್ಲಿಸುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿ. ಅತಿಯಾಗಿ ದುಡಿದ ರಿಲೇಯೊಳಗಿನ ಲೋಹದ ತುದಿಗಳು ಬೆಸೆದುಕೊಂಡಿದ್ದರೆ ಕಂಪ್ರೆಸರಿಗೆ ವಿದ್ಯುತ್ ನಿಲ್ಲುವುದೇ ಇಲ್ಲ. ಕೀಲಿ ತೆಗೆದ ಮೇಲೂ ಅದು ಓಡುತ್ತಲೇ ಇರುತ್ತದೆ, ಬ್ಯಾಟರಿಯೋ ಹೊಸ ಕಂಪ್ರೆಸರೋ ಸಾಯುವವರೆಗೆ.